ಕೆಂಪು ಮಣಿಗಳ ಸರಾಸರಿ: ಕೆಳಗಿನ ಶೇ. 10ರ ವಾದಕ್ಕೆ ಒಂದು ತಿದ್ದುಪಡಿ

ಗುಣಮಟ್ಟ ನಿರ್ವಹಣೆಯ ಚರಿತ್ರೆ ಬರೆಯುವವರಲ್ಲಿ ಒಂದು ವಂಶಾವಳಿ ಯಾರೂ ಪ್ರಶ್ನಿಸದೆ ನಡೆದುಬಂದಿದೆ. ಶ್ಯೂಹಾರ್ಟ್ ಅವರ ನಿಯಂತ್ರಣ ನಕ್ಷೆ, ಡೆಮಿಂಗ್ ಅವರ ಬೋಧನೆ, ಮೊಟೊರೋಲಾದ ಸಿಕ್ಸ್ ಸಿಗ್ಮಾ, 1995ರಲ್ಲಿ ಅದನ್ನು ಕೈಗೆತ್ತಿಕೊಂಡ ಜನರಲ್ ಎಲೆಕ್ಟ್ರಿಕ್. ಆ ಸಾಲಿನ ತುದಿಯಲ್ಲಿ ಆ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಅವರ, ನೌಕರರ 20-70-10 ವಿಂಗಡಣೆ. ಎರಡೂ ಕಡೆ ಗಂಟೆಯಾಕಾರದ ರೇಖೆ ಇದೆಯಲ್ಲ, ಹಾಗಾದರೆ ವರ್ಷವರ್ಷವೂ ಕೆಳಗಿನ ಶೇ. 10 ನೌಕರರನ್ನು ಮನೆಗೆ ಕಳಿಸುವುದು ಕೆಟ್ಟ ಭಾಗವನ್ನು ಅಸೆಂಬ್ಲಿಯಿಂದ ತೆಗೆದುಹಾಕುವ ಕೆಲಸದ ಮುಂದುವರಿಕೆಯೇ ಎಂದು ಇವರು ತೀರ್ಮಾನಿಸುತ್ತಾರೆ. (ಬೆಂಗಳೂರಿನ ಐಟಿ ಕಂಪನಿಗಳಲ್ಲಿ 'ಬೆಲ್ ಕರ್ವ್' ಅಪ್ರೈಸಲ್ ಸೀಸನ್ನಿನ ಬೈಗುಳವೇ ಆಗಿತ್ತು. ಇನ್ಫೋಸಿಸ್ ಅದನ್ನು ಕೈಬಿಟ್ಟದ್ದು 2015ರಲ್ಲಿ.)

ಈ ವಂಶಾವಳಿ ಒಪ್ಪಿತವಾಗಬೇಕಾದರೆ ಡೆಮಿಂಗ್ ಅವರ ಕೆಂಪು ಮಣಿಗಳ ಪ್ರಯೋಗವನ್ನು ದಾಟಿಹೋಗಬೇಕು. ದಾಟುವ ರೀತಿ ಸುಲಭದ್ದು: ಅದೊಂದು ವೇದಿಕೆಯ ಪ್ರಹಸನ ಅಂದುಬಿಡುವುದು. ನನ್ನ ತಕರಾರು ಇರುವುದು ಇಲ್ಲಿಯೇ.

ಆಟ ಎಲ್ಲರಿಗೂ ಗೊತ್ತು. 'ಔಟ್ ಆಫ್ ದ ಕ್ರೈಸಿಸ್' (1986) ಕೊಡುವ ವಿವರದಲ್ಲಿ ಪೆಟ್ಟಿಗೆಯಲ್ಲಿ 3000 ಬಿಳಿ ಮಣಿ, 750 ಕೆಂಪು ಮಣಿ. 50 ಗುಳಿಗಳ ಹಲಗೆಯನ್ನು ಮಣಿಗಳೊಳಗೆ ಅದ್ದಿ ಎತ್ತಬೇಕು. ಬಂದ ಕೆಂಪೆಲ್ಲ ದೋಷ. ಸಭಿಕರಲ್ಲಿ ಆರು ಜನ ಕೆಲಸಗಾರರಾಗುತ್ತಾರೆ, ಡೆಮಿಂಗ್ ಫೋರ್‌ಮನ್. ಕಡಿಮೆ ಕೆಂಪು ತೆಗೆದವರಿಗೆ ಶಹಭಾಸ್‌ಗಿರಿ, ಹೆಚ್ಚು ತೆಗೆದವರಿಗೆ ಎಚ್ಚರಿಕೆ. ಮೂರು 'ದಿನ' ಕಳೆದ ಮೇಲೆ ಕೆಳಗಿನ ಮೂವರನ್ನು ತೆಗೆದುಹಾಕಿ, ಮೇಲಿನ ಮೂವರಿಂದ ಎರಡು ಪಾಳಿ ದುಡಿಸುತ್ತಾರೆ. ನಾಲ್ಕನೆಯ ದಿನದ ಫಲ ಹಿಂದಿನ ದಿನಗಳಿಗಿಂತ ಮೇಲೇನಲ್ಲ.

ಆಕ್ಷೇಪ ಇಷ್ಟು: ಕೆಲಸಗಾರನ ಕೌಶಲಕ್ಕೆ ಜಾಗವೇ ಇಲ್ಲದ ಒಂದು ಲಾಟರಿಯನ್ನು ಕಟ್ಟಿ, ಅದರಲ್ಲಿ ಶ್ರೇಯಾಂಕ ಅರ್ಥಹೀನ ಎಂದು ತೋರಿಸಿದರೆ ಸಾಬೀತಾದದ್ದೇನು? ಉತ್ತರವನ್ನು ಡೆಮಿಂಗ್ ಮೊದಲೇ ಪೆಟ್ಟಿಗೆಯಲ್ಲಿಟ್ಟಿದ್ದರು. ಪ್ರಯೋಗ ಅಲ್ಲಿಗೇ ಮುಗಿದಿದ್ದರೆ ಈ ಆಕ್ಷೇಪಕ್ಕೆ ನಾನೂ ತಲೆಬಾಗುತ್ತಿದ್ದೆ.

ಆದರೆ ಮುಂದಿನ ಪುಸ್ತಕ 'ದ ನ್ಯೂ ಎಕನಾಮಿಕ್ಸ್'ನಲ್ಲಿ ಡೆಮಿಂಗ್ ಇನ್ನೊಂದು ಪ್ರಶ್ನೆ ಎತ್ತುತ್ತಾರೆ: ಹೀಗೆಯೇ ಬಹಳ ದಿನ ಅದ್ದುತ್ತಾ ಹೋದರೆ ಸರಾಸರಿ ಎಷ್ಟಕ್ಕೆ ನಿಲ್ಲುತ್ತದೆ? ಕೆಂಪು ಶೇ. 20, ಗುಳಿ 50, ಆದ್ದರಿಂದ 10 ಎಂದು ಯಾರಾದರೂ ಹೇಳಿಯಾರು. ಅದು ತಪ್ಪು. ತಾವು ಬಳಸಿದ ನಾಲ್ಕು ಹಲಗೆಗಳ ಸರಾಸರಿಯನ್ನು ಅವರು ಕೊಡುತ್ತಾರೆ: 11.3, 9.6, 9.2, 9.4. ಯಾದೃಚ್ಛಿಕ ಅಂಕಿಗಳಿಂದ ಮಣಿ ಆರಿಸುವುದು ಬೇರೆ, ಹಲಗೆಯನ್ನು ಅದ್ದುವುದು ಬೇರೆ. ಬಣ್ಣ ಹತ್ತಿದ ಮಣಿಯೂ ಹತ್ತದ ಮಣಿಯೂ ಹಲಗೆಗೆ ಒಂದೇ ಅಲ್ಲ.

ಪ್ರಹಸನವಾದಿಗಳು ಈ ನಾಲ್ಕು ಅಂಕಿಗಳನ್ನು ಚರ್ಚಿಸಿದ್ದನ್ನು ನಾನು ಕಂಡಿಲ್ಲ. ಇವು ಪೆಟ್ಟಿಗೆಯಲ್ಲಿ ಮೊದಲೇ ಇಟ್ಟ ಉತ್ತರಗಳಲ್ಲ, ಅದ್ದಿ ಅದ್ದಿ ಕಂಡುಕೊಂಡವು. ಇವುಗಳಿಂದ ಏನು ಹೊರಡುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಮೊದಲನೆಯ ಹಲಗೆ 50 ಜನರ ಕೈಗೆ, ಮೂರನೆಯದು ಇನ್ನು 50 ಜನರ ಕೈಗೆ ಹೋಗಲಿ. ನಾಲ್ಕು ದಿನದ ಮೊತ್ತದಲ್ಲಿ ಎರಡು ಗುಂಪುಗಳ ನಡುವಿನ ಅಂತರ ಸರಾಸರಿ 8.4 ಮಣಿ. ಒಬ್ಬನ ಮೊತ್ತ ಬರೀ ಆಕಸ್ಮಿಕದಿಂದ ಅತ್ತಿತ್ತ ತೂಗಾಡುವ ಮಾನಕ ವಿಚಲನೆ 5.5ರಿಂದ 6ರಷ್ಟು. ನೂರು ಜನರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅತಿ ಹೆಚ್ಚು ಕೆಂಪು ತೆಗೆದ ಹತ್ತು ಮಂದಿಯನ್ನು ಹೊರಹಾಕಿದರೆ, ಆ ಹತ್ತರಲ್ಲಿ ಸರಾಸರಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಮೊದಲನೆಯ ಹಲಗೆಯವರು. ಮುಂದಿನ ವರ್ಷ ಅವರ ಜಾಗಕ್ಕೆ ಹೊಸಬರು ಬರುತ್ತಾರೆ, ಅದೇ ಹಲಗೆ ಹಿಡಿಯುತ್ತಾರೆ. ಹಲಗೆ ಕೊಂಡು ತಂದವರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಗಂಟೆಯಾಕಾರದ ರೇಖೆಯ ನಂಟಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. 1924ರಲ್ಲಿ ಮೊದಲ ನಿಯಂತ್ರಣ ನಕ್ಷೆ ಬರೆದ ಶ್ಯೂಹಾರ್ಟ್ ಮೂರು ಸಿಗ್ಮಾದ ಗಡಿಯನ್ನು ಆರಿಸಿದ್ದು ಅದು ವ್ಯವಹಾರದಲ್ಲಿ ಲಾಭದಾಯಕವೆಂದು ಕಂಡದ್ದರಿಂದ. ಆ ರೇಖೆಯಿಂದ ಇಳಿಸಿದ ಗಡಿ ಅದಲ್ಲ. 1931ರ ತಮ್ಮ ಗ್ರಂಥದಲ್ಲಿ ಆಯತಾಕಾರದ, ತ್ರಿಕೋನಾಕಾರದ ಹಂಚಿಕೆಗಳಿಂದಲೂ ಚೀಟಿ ಎತ್ತಿ ಅವರು ಗಡಿಯನ್ನು ಪರೀಕ್ಷಿಸಿದ್ದಾರೆ. ವಂಶಾವಳಿಕಾರರು ಇಷ್ಟನ್ನಾದರೂ ಓದಬಹುದಿತ್ತು.

ಅವರ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಬೇರೊಂದಿದೆ. ಜನರೆಲ್ಲ ಒಂದೇ ಎಂದು ಡೆಮಿಂಗ್ ಎಲ್ಲೂ ಹೇಳಿಲ್ಲ. ನಿಯಂತ್ರಣ ಗಡಿಯ ಕೆಟ್ಟ ಬದಿಗೆ ಬಿದ್ದವರಿಗೆ ವಿಶೇಷ ಸಹಾಯ ಬೇಕೆಂದು ಅವರೇ ಬರೆದಿದ್ದಾರೆ. ಇದನ್ನು ಹಿಡಿದು, 'ಕೊನೆಗೂ ಅವರೂ ಜನರನ್ನು ವಿಂಗಡಿಸಿದರಲ್ಲ' ಎನ್ನುವವರಿದ್ದಾರೆ. ವಿಂಗಡಿಸಿದರು, ನಿಜ. ಆದರೆ ಗಡಿ ಹುಟ್ಟುವುದು ಅಂಕಿಅಂಶಗಳಿಂದ. ಸರಾಸರಿ 10 ಎಂದು ಹಿಡಿದರೆ ಮೇಲಿನ ಗಡಿ ಸುಮಾರು 18.5, ಹದಿನಾಲ್ಕು ಕೆಂಪು ತೆಗೆದವನು ಸಾಲಿನ ಕೊನೆಯಲ್ಲಿದ್ದರೂ ಗಡಿಯ ಒಳಗೇ ಇದ್ದಾನೆ. ಯಾರೂ ಹೊರಗೆ ಬೀಳದ ವರ್ಷವೂ ಉಂಟು. ಶೇ. 10ರ ಕೋಟಾ ಹಾಗಲ್ಲ, ಕೆಲಸ ಶುರುವಾಗುವ ಮೊದಲೇ ನಿಗದಿಯಾಗಿರುತ್ತದೆ.

2005ರಲ್ಲಿ ಸ್ಕಲೆನ್ ಮತ್ತು ಸಂಗಡಿಗರು ಪ್ರಕಟಿಸಿದ ಕಂಪ್ಯೂಟರ್ ಅನುಕರಣೆಯನ್ನೂ ಎದುರಿಗೆ ಇಡುವುದುಂಟು. ಕೆಳಗಿನವರನ್ನು ತೆಗೆಯುತ್ತಾ ಹೋದರೆ ಮೊದಲ ಕೆಲವು ವರ್ಷ ಸಿಬ್ಬಂದಿಯ ಸಾಮರ್ಥ್ಯ ಏರುತ್ತದೆ, ಆಮೇಲೆ ಏರಿಕೆ ಕುಗ್ಗುತ್ತದೆ ಎಂದು ಅದು ತೋರಿಸಿತು. ಪ್ರಾಮಾಣಿಕ ಕೆಲಸ. ಆದರೆ ಅಲ್ಲಿ ಸಾಮರ್ಥ್ಯ ವ್ಯಕ್ತಿಯ ಜೊತೆಗೇ ಬಂದು ವ್ಯಕ್ತಿಯ ಜೊತೆಗೇ ಹೋಗುತ್ತದೆ. ಹಲಗೆಯ ಪ್ರಶ್ನೆ ಆ ಚೌಕಟ್ಟಿಗೆ ಸೇರಿದ್ದಲ್ಲ.

ನಮ್ಮ ಪಕ್ಷದವರ ಬಗ್ಗೆಯೂ ಒಂದು ಮಾತು ಇದೆ. ಡೆಮಿಂಗ್ ಅವರನ್ನು 1981ರಲ್ಲಿ ಕರೆಸಿಕೊಂಡ ಫೋರ್ಡ್ ಕಂಪನಿಯೇ 2000ದಲ್ಲಿ ಸುಮಾರು 18,000 ಮ್ಯಾನೇಜರುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಶೇ. 10 ಮಂದಿಗೆ ಸಿ ಕಡ್ಡಾಯ ಮಾಡಿತು. ಎರಡು ವರ್ಷ ಸತತ ಸಿ ಬಂದರೆ ಕೆಲಸಕ್ಕೇ ಕುತ್ತು. ಮೊಕದ್ದಮೆಗಳು ಬಿದ್ದವು, ಕೋಟಾ ಶೇ. 5ಕ್ಕೆ ಇಳಿಯಿತು, 2001ರ ಜುಲೈನಲ್ಲಿ ಪದ್ಧತಿಯನ್ನೇ ಹಿಂತೆಗೆದುಕೊಂಡರು, ವ್ಯಾಜ್ಯ 1.05 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಇದನ್ನು ಡೆಮಿಂಗ್ ಅವರ ಗೆಲುವೆಂದು ಉಲ್ಲೇಖಿಸುವ ಅಭ್ಯಾಸ ನಮ್ಮಲ್ಲಿದೆ. ಆ ಮೊಕದ್ದಮೆಗಳ ಮುಖ್ಯ ದೂರು ವಯಸ್ಸಿನ ತಾರತಮ್ಯ. ಸಿ ದರ್ಜೆ ಹಿರಿಯ ನೌಕರರ ಮೇಲೆಯೇ ಹೆಚ್ಚಾಗಿ ಬಿತ್ತೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಆ ದರ್ಜೆ ಮ್ಯಾನೇಜರನನ್ನು ಅಳೆಯಿತೋ ಅವನ ಕೈಗೆ ಕೊಟ್ಟ ಹಲಗೆಯನ್ನೋ ಎಂಬುದಕ್ಕೆ ಅಲ್ಲಿ ತೀರ್ಪೇನೂ ಬರಲಿಲ್ಲ.