ಪಡುವಣ ಕಿಟಕಿಯ ಬಿಸಿಲು, ಪಡುವಣ ಕಿಟಕಿಯ ಗಾಳಿ: ಕರಾವಳಿ ಮನೆಗಳ ಮೋಟಾರು ಪರದೆ ಕುರಿತು ಒಂದು ಮರುವಿಚಾರ

ಓಟ್ಟೊ ಕೋನಿಗ್ಸ್‌ಬರ್ಗರ್ ಮತ್ತು ಅವರ ಮೂವರು ಸಹಲೇಖಕರು 1970ರ ದಶಕದ ಆರಂಭದಲ್ಲಿ ಹೊರತಂದ ಉಷ್ಣವಲಯದ ವಸತಿ ಕೈಪಿಡಿಯನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳು ಇಂದಿಗೂ ಬಿಟ್ಟಿಲ್ಲ. ಸೆಕೆಯ ನಾಡುಗಳಲ್ಲಿ ಬಿಸಿಲು ತಪ್ಪಿಸುವ ದಿಕ್ಕು ಒಂದಾಗಿ, ಗಾಳಿ ಬರುವ ದಿಕ್ಕು ಇನ್ನೊಂದಾದರೆ ಮನೆಯ ಮುಖ ಎತ್ತ ಇರಬೇಕು? ಕೈಪಿಡಿಯ ಉತ್ತರ ನೇರವಾಗಿದೆ: ತಗ್ಗು ಮನೆಯಾದರೆ ಗಾಳಿಗೆ ಮಣಿಯಿರಿ, ಎತ್ತರದ ಕಟ್ಟಡವಾದರೆ ಬಿಸಿಲು ತಪ್ಪಿಸಿ. ಈ ಸೂತ್ರ ಮಂಗಳೂರು, ಉಡುಪಿ, ಕಾರವಾರಗಳ ಕಡಲ ಅಂಚಿಗೆ ಇದ್ದ ಹಾಗೇ ಹೊಂದುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಈಚೆಗೆ ಈ ಊರುಗಳ ಫ್ಲ್ಯಾಟುಗಳಿಗೆ ಕಾಲಿಡುತ್ತಿರುವ ಮೋಟಾರು ಪರದೆಗಳು ಆ ಹೊಂದಿಕೆಯ ಕೊರತೆಯನ್ನು ಎತ್ತಿ ತೋರಿಸುತ್ತವೆ.

ಕೋನಿಗ್ಸ್‌ಬರ್ಗರ್ ನಮಗೆ ಅಪರಿಚಿತರಲ್ಲ. ನಾಜಿ ಜರ್ಮನಿಯಿಂದ ಹೊರಬಿದ್ದ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದವರು. ಆದರೆ ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರ ಅಂದಿನ ಕಾರ್ಯಕ್ಷೇತ್ರ ಬಯಲುಸೀಮೆಯ ಪ್ರಸ್ಥಭೂಮಿ. ಇದನ್ನೇ ಹಿಡಿದು ಅವರನ್ನು ತಳ್ಳಿಹಾಕುವುದು ಅನ್ಯಾಯವಾದೀತು. ಆದರೂ ನೆನಪಿನಲ್ಲಿಡಬೇಕಾದ ಸಂಗತಿ.

ಒಮ್ಮತವಿರುವ ಅಂಶಗಳನ್ನು ಬೇಗ ಮುಗಿಸಬಹುದು. ಗಾಜಿನ ಒಳಗೆ ತೂಗುವ ಪರದೆಗಿಂತ ಹೊರಗಿನ ಮರೆ ಮೇಲು. ಒಳಪರದೆಗೆ ಬಿಸಿಲು ತಾಗುವ ಹೊತ್ತಿಗೆ ಅದು ಗಾಜು ದಾಟಿ ಆಗಿರುತ್ತದೆ. ಕಾದ ಬಟ್ಟೆ ಹೊಮ್ಮಿಸುವ ದೀರ್ಘ ಅಲೆಗಳ ಶಾಖವನ್ನು ಗಾಜು ಹೊರಗೆ ಬಿಡದು. ವಾಸ್ತುಶಿಲ್ಪಿಗಳಾದ ಓಲ್ಗ್ಯಾಯ್ ಸೋದರರು 1957ರಿಂದಲೇ ಇದನ್ನು ಹೇಳುತ್ತ ಬಂದರು. ಹೊರಗಿರುವ, ಅದರಲ್ಲೂ ಚಲಿಸುವ ಮರೆಗೆ ಅವರು ಮೊದಲ ಸ್ಥಾನ ಕೊಟ್ಟರು. ಎರಡನೆಯದು, ಪರದೆಯನ್ನು ಜನರ ಕೈಗೆ ಬಿಟ್ಟರೆ ಅದು ಅಲುಗುವುದು ಕಡಿಮೆ. 2013ರ ಅಮೆರಿಕದ ಸಮೀಕ್ಷೆಯೊಂದರಂತೆ ಅಲ್ಲಿನ ಮನೆಗಳ ಸುಮಾರು ಮುಕ್ಕಾಲು ಪಾಲು ಪರದೆಗಳು ದಿನವಿಡೀ ಇದ್ದಲ್ಲೇ ಇರುತ್ತವೆ. ಮೋಟಾರಿನ ಪರವಾದ ಎಲ್ಲ ವಾದಗಳಿಗೂ ಬುನಾದಿ ಈ ಅಂಕಿಯೇ. ಅದು ನಮ್ಮೂರಿನ ಅಂಕಿಯಲ್ಲ ಎಂಬುದನ್ನು ಮಾತ್ರ ಮಾರಾಟಗಾರರು ಹೇಳುವುದಿಲ್ಲ.

ವಿವಾದ ಶುರುವಾಗುವುದು ದಿಕ್ಕಿನ ವಿಷಯದಲ್ಲಿ.

ಚೆನ್ನೈನಲ್ಲಿ ಕಡಲಗಾಳಿ ಮೂಡಣದಿಂದ ಬರುತ್ತದೆ, ಮಧ್ಯಾಹ್ನದ ಮೇಲಿನ ಬಿಸಿಲು ಪಡುವಣದಿಂದ. ಅಲ್ಲಿ ಪಡುವಣ ಕಿಟಕಿಯ ಪರದೆಯನ್ನು ಪೂರ್ತಿ ಇಳಿಸಿಬಿಟ್ಟರೂ ಕಡಲು ಕೊಡುವ ಗಾಳಿ ತಪ್ಪುವುದಿಲ್ಲ. ಮಂಗಳೂರಿನಲ್ಲಿ ಎರಡೂ ಒಂದೇ ಬಾಗಿಲಲ್ಲಿ ನಿಲ್ಲುತ್ತವೆ. ಮಾರ್ಚ್‌ನಿಂದ ಮೇ ತನಕ, ಸೆಕೆ ಏರುವ ಹೊತ್ತಿಗೆ ಪಡುವಣ ಮತ್ತು ವಾಯವ್ಯದಿಂದ ಗಾಳಿ ಬೀಸುತ್ತದೆ. ಸೂರ್ಯ ಇಳಿಯುವುದೂ ಅದೇ ಕಡೆಗೆ. ಹೀಗಾಗಿ ಗಾಳಿಯೋ ಬಿಸಿಲೋ ಎಂದು ಕೇಳುವ ಸೂತ್ರ ಇಲ್ಲಿ ತಗ್ಗು ಮನೆಯವನಿಗೆ ಬಿಸಿಲನ್ನೂ, ಹತ್ತನೇ ಮಹಡಿಯವನಿಗೆ ಬೇಗೆ ಹಿಡಿದ ಕೋಣೆಯನ್ನೂ ದಯಪಾಲಿಸುತ್ತದೆ.

ಸಜ್ಜಾ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಮಂಗಳೂರು ಉತ್ತರ ಅಕ್ಷಾಂಶ ಸುಮಾರು 12.9 ಡಿಗ್ರಿಯಲ್ಲಿದೆ. ಮಾರ್ಚ್ 21ರ ಆಸುಪಾಸಿನಲ್ಲಿ ಸೂರ್ಯಮಾನದ 4 ಗಂಟೆಗೆ ಸೂರ್ಯ ದಿಗಂತದಿಂದ 29 ಡಿಗ್ರಿ ಮೇಲಿರುತ್ತಾನೆ, 5 ಗಂಟೆಗೆ 15ಕ್ಕಿಂತ ತುಸು ಕೆಳಗೆ. 60 ಸೆಂ.ಮೀ. ಚಾಚಿದ ಸಜ್ಜಾದ ನೆರಳು 120 ಸೆಂ.ಮೀ. ಎತ್ತರದ ಪಡುವಣ ಕಿಟಕಿಯ ಮೇಲೆ 4 ಗಂಟೆಗೆ 34 ಸೆಂ.ಮೀ. ಇಳಿಯುತ್ತದೆ, 5 ಗಂಟೆಗೆ ಬರೀ 16. ಅಂದರೆ ಬಿಸಿಲು ಮುಖಕ್ಕೇ ಹೊಡೆಯುವ ಹೊತ್ತಿನಲ್ಲಿ ಸಜ್ಜಾ ಹೆಸರಿಗಷ್ಟೇ ಇರುತ್ತದೆ.

ಈಗ ಮೋಟಾರು ಪರದೆಗೆ ಬರೋಣ. ಮಾರುಕಟ್ಟೆಯಲ್ಲಿ ಹೊರಗೋಡೆಗೆಂದು ಸಿಗುವ ಗಟ್ಟಿ ಬಗೆ ಎಂದರೆ ಜಿಪ್ ಸ್ಕ್ರೀನ್: ಸುರುಳಿ ಕೊಳವೆಯೊಳಗೆ ಮೋಟಾರು, ಬಟ್ಟೆಯ ಎರಡೂ ಅಂಚುಗಳು ಹಳಿಯಲ್ಲಿ ಬಿಗಿಯಾಗಿ ಕೂತಿರುತ್ತವೆ. ಗಾಳಿಗೆ ಅದು ಪಟಪಟಿಸದಿರಲು ಕಾರಣವಾದ ಆ ಬಿಗಿಯೇ ಗಾಳಿಯನ್ನೂ ತಡೆಯುತ್ತದೆ. ಬಟ್ಟೆಯ ಕಣ್ಣುಗಳು ಸಾಮಾನ್ಯವಾಗಿ ಅದರ ವಿಸ್ತಾರದ ಶೇ. 1ರಿಂದ 10ರಷ್ಟು ಮಾತ್ರ.

ಎರಡು ಚದರ ಮೀಟರಿನ, ಅರ್ಧ ಸರಿಯುವ ಪಡುವಣ ಕಿಟಕಿಯನ್ನು ತೆಗೆದುಕೊಳ್ಳಿ. ಅದರ ಮೇಲೆ ಚದರ ಮೀಟರಿಗೆ 500 ವ್ಯಾಟ್ ನೇರ ಬಿಸಿಲು ಬೀಳುತ್ತಿದೆ, ಸಾದಾ ಗಾಜು ಅದರ ಐದರಲ್ಲಿ ನಾಲ್ಕು ಪಾಲನ್ನು ಒಳಬಿಡುತ್ತದೆ ಎಂದಿಟ್ಟುಕೊಳ್ಳೋಣ. ಸಜ್ಜಾದ ನೆರಳು ಕಳೆದು ಒಳಗೆ ಬರುವುದು ಸುಮಾರು 650 ವ್ಯಾಟ್, ಬಹುತೇಕ ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ. ತೆರೆದ ಅರ್ಧದಲ್ಲಿ ಸೆಕೆಂಡಿಗೆ 0.3 ಘನಮೀಟರ್ ಕಡಲಗಾಳಿ ಹಾದುಹೋದರೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 360 ವ್ಯಾಟ್ ಶಾಖ ಹೊರಬೀಳುತ್ತದೆ. ಕೋಣೆ ಹೊರಗಿಗಿಂತ ಎರಡು ಡಿಗ್ರಿಯೊಳಗೇ ನಿಲ್ಲುತ್ತದೆ. ಪರದೆ ಇಳಿಸಿ ಬಿಸಿಲನ್ನು ಸುಮಾರು ಏಳನೇ ಒಂದಕ್ಕೆ, ಅಂದರೆ 90 ವ್ಯಾಟ್‌ಗೆ ತಂದಿರೆನ್ನಿ. ಗಾಳಿಯೂ 0.02 ಘನಮೀಟರಿಗೆ ಕುಸಿದರೆ ಆ 90 ವ್ಯಾಟ್ ಒಂದರಿಂದಲೇ ಕೋಣೆ ನಾಲ್ಕು ಡಿಗ್ರಿಯ ಹತ್ತಿರ ಏರಲು ಹೊರಡುತ್ತದೆ. ಸುಮ್ಮನೆ ಕೂತ ಮನುಷ್ಯನೊಬ್ಬ ಕೊಡುವ ನೂರು ವ್ಯಾಟ್ ಇದರಲ್ಲಿ ಸೇರಿಲ್ಲ.

ಇಲ್ಲಿಂದ ಹೊರಡುವ ನಿಲುವು ತುಸು ದಿಟ್ಟವಾದದ್ದು: ಎ.ಸಿ. ಇಲ್ಲದ ಪಡುಗಡಲ ಮನೆಯಲ್ಲಿ, ಬಿಸಿಲಿನ ಸೆನ್ಸರ್ ಒಂದನ್ನೇ ನಂಬಿ ತಾನಾಗಿ ಇಳಿಯುವ ಬಟ್ಟೆಯ ಪರದೆ ಸೆಕೆಯನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಬಹುದು. ‘ಬಹುದು’ ಎಂಬುದನ್ನು ಒತ್ತಿ ಓದಬೇಕು. ಮೇಲಿನ ಗಾಳಿಯ ಪ್ರಮಾಣಗಳು ಊಹೆಗಳು. ಮುರಕಲ್ಲಿನ ದಪ್ಪ ಗೋಡೆ ಒಂದಷ್ಟು ಶಾಖವನ್ನು ಹೀರಿಕೊಂಡು ಏರಿಕೆಯನ್ನು ತಡಮಾಡುತ್ತದೆ. ಉತ್ತರ ದಕ್ಷಿಣದ ಕಿಟಕಿಗಳು ತೆರೆದಿದ್ದರೆ ಗಾಳಿ ಅಷ್ಟು ಕುಸಿಯಲಾರದು. ಬೆನ್ನ ಮೇಲೆ ನೇರ ಬಿಸಿಲು ಬೀಳುತ್ತಿರುವವನಿಗೆ ಕೋಣೆಯ ಉಷ್ಣಾಂಶದ ಲೆಕ್ಕ ಸಮಾಧಾನ ಕೊಡದು. ಫ್ಯಾನ್ ಇದೆ ಎಂಬ ಆಕ್ಷೇಪವೂ ಹುರುಳಿಲ್ಲದ್ದಲ್ಲ, ಮೈಗೆ ಗಾಳಿ ತಾಗುವುದಷ್ಟೇ ಬೇಕಾದರೆ ಫ್ಯಾನ್ ಸಾಕು. ಆದರೆ ಅದು ಕೋಣೆಯ ಶಾಖವನ್ನು ಅಲ್ಲಲ್ಲೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಎ.ಸಿ. ಹಾಕಿ ಕಿಟಕಿ ಮುಚ್ಚಿದ ಮನೆಗಂತೂ ಈ ವಾದ ಅನ್ವಯಿಸುವುದೇ ಇಲ್ಲ. ಅಲ್ಲಿ ಹೊರಗಿನ ಜಿಪ್ ಸ್ಕ್ರೀನ್ ಒಳ್ಳೆಯ ಆಯ್ಕೆ.

ಹಾಗಾದರೆ ಮೋಟಾರು ಏನನ್ನು ತಿರುಗಿಸಬೇಕು? ಬಟ್ಟೆಯನ್ನಲ್ಲ, ಅಡ್ಡ ಪಟ್ಟಿಗಳನ್ನು. ಪಟ್ಟಿಯ ಅಗಲವೂ ಪಟ್ಟಿಗಳ ನಡುವಿನ ಅಂತರವೂ ಒಂದೇ ಎಂದಾದರೆ, ಮಾರ್ಚ್‌ನ 4 ಗಂಟೆಯ ನೇರ ಬಿಸಿಲನ್ನು ತಡೆಯಲು ಹೊರಅಂಚನ್ನು ಸುಮಾರು 32 ಡಿಗ್ರಿ ಕೆಳಗೆ ಬಾಗಿಸಿದರೆ ಸಾಕು. ಎರಡು ಪಟ್ಟಿಗಳ ನಡುವಿನ ಸಂದಿ ಆಗಲೂ ಶೇ. 85ರಷ್ಟು ತೆರೆದಿರುತ್ತದೆ. 5 ಗಂಟೆಗೆ 61 ಡಿಗ್ರಿ ಬಾಗಬೇಕು, ಸಂದಿ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿ ಬಿಸಿಲನ್ನು ಐದನೇ ಒಂದಕ್ಕೆ, ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಏರಿಕೆ ಒಂದು ಡಿಗ್ರಿಗಿಂತ ಕಡಿಮೆ. ಹಂಚಿನ ಹಳೆಯ ಮನೆಗಳ ಮರದ ಪಟ್ಟಿ ಕಿಟಕಿಗಳೂ ಈ ಕೆಲಸವನ್ನೇ ಮಾಡುತ್ತಿದ್ದವು. ಗಂಟೆಗೆ 29 ಡಿಗ್ರಿಯಂತೆ ಕೋನ ಬದಲಿಸುತ್ತ ಕೂರುವ ತಾಳ್ಮೆ ಮನೆಯವರಿಗೆ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಮೋಟಾರು ತನ್ನ ಬೆಲೆಗೆ ನ್ಯಾಯ ಒದಗಿಸುವುದು ಈ ಒಂದು ಜಾಗದಲ್ಲಿ.

ಟೈಮರ್ ಸಾಕೇ? ಸಾಲದು. ಮಂಗಳೂರಿನ ಸೂರ್ಯಮಾನ ಭಾರತೀಯ ಕಾಲಮಾನಕ್ಕಿಂತ ಅರ್ಧ ಗಂಟೆ ಹಿಂದಿದೆ, ಅದೂ ವರ್ಷವಿಡೀ ಒಂದೇ ಸಮನಲ್ಲ. ಮೇಲೆ ಹೇಳಿದ 4 ಗಂಟೆ ಮಾರ್ಚ್ 21ಕ್ಕೆ ಗಡಿಯಾರದಲ್ಲಿ 4:38 ಆದರೆ ಸೆಪ್ಟೆಂಬರ್ 23ಕ್ಕೆ ಸುಮಾರು 4:23. ಸೂರ್ಯನ ಕೋನವನ್ನು ತಾನೇ ಲೆಕ್ಕಿಸುವ ನಿಯಂತ್ರಕ, ಗಾಳಿಯ ವೇಗ ಅಳೆಯುವ ಸೆನ್ಸರ್ ಎರಡೂ ಬೇಕು. 2022ರ ಅಕ್ಟೋಬರ್‌ನಲ್ಲಿ ಬಂದ ‘ಮ್ಯಾಟರ್’ ಎಂಬ ಸ್ಮಾರ್ಟ್ ಮನೆ ಮಾನದಂಡ ಬೇರೆ ಬೇರೆ ಕಂಪನಿಗಳ ಪರದೆಗಳನ್ನು ಒಂದೇ ಭಾಷೆಗೆ ತಂದಿದೆ ನಿಜ. ಯಾವ ಕೋನ, ಯಾವ ಹೊತ್ತು ಎಂಬ ಸ್ಥಳೀಯ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೆಲಸವಲ್ಲ.

ನಿಯಮಗಳ ಕಡೆಯಿಂದಲೂ ಒಂದು ತೊಡಕಿದೆ. ಇಂಧನ ದಕ್ಷತಾ ಬ್ಯೂರೋದ 2018ರ ಇಕೋ ನಿವಾಸ್ ಸಂಹಿತೆ ಸೆಕೆಯ ವಲಯದ ಮನೆಗಳಲ್ಲಿ ತೆರೆಯಬಲ್ಲ ಕಿಟಕಿ ಭಾಗ ನೆಲದ ವಿಸ್ತಾರದ ಶೇ. 16.66ಕ್ಕೆ ಕಡಿಮೆಯಿರಬಾರದು ಎನ್ನುತ್ತದೆ. ಗೋಡೆ ಕಿಟಕಿಗಳ ಮೂಲಕ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್‌ನ ಮಿತಿ ಹಾಕುತ್ತದೆ. ಆ ಶಾಖದ ಲೆಕ್ಕದಲ್ಲಿ ನೆರಳಿನ ರಿಯಾಯಿತಿ ಸಿಗುವುದು ಶಾಶ್ವತ ಚಾಚುಗಳಿಗೆ ಮಾತ್ರ. ಸಂಜೆ 5 ಗಂಟೆಗೆ 16 ಸೆಂ.ಮೀ. ನೆರಳು ಕೊಡುವ ಸಜ್ಜಾಗೆ ಅಂಕ ಉಂಟು, ಬಾಗುವ ಪಟ್ಟಿಗೆ ಇಲ್ಲ. ಗಾಳಿಯನ್ನೂ ನೆರಳನ್ನೂ ಬೇರೆ ಬೇರೆ ಕಲಮುಗಳಲ್ಲಿ ಅಳೆಯುವ ಈ ಕ್ರಮದಲ್ಲಿ ಕೋನಿಗ್ಸ್‌ಬರ್ಗರ್ ಅವರ ‘ಇದೋ ಅದೋ’ ಇನ್ನೂ ಉಸಿರಾಡುತ್ತಿದೆ ಎನಿಸುತ್ತದೆ.

ತೆರೆದೇ ಉಳಿದ ಪ್ರಶ್ನೆಗಳಲ್ಲಿ ಮೊದಲನೆಯದು ಉಪ್ಪಿನದು. ಪಟ್ಟಿ ಮರೆಗೆ ಬಟ್ಟೆಯ ಪರದೆಗಿಂತ ಹೆಚ್ಚು ತಿರುಗುಗೂಟಗಳಿವೆ, ಪ್ರತಿಯೊಂದೂ ತುಕ್ಕಿಗೆ ಆಹ್ವಾನ. ಮಾಲಿಬ್ಡಿನಂ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು 304ಕ್ಕಿಂತ ಕ್ಲೋರೈಡನ್ನು ಚೆನ್ನಾಗಿ ತಡೆಯುತ್ತದೆ, ಆದರೆ ದುಬಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಎರಚಲಿಗೆ ಪಟ್ಟಿಗಳನ್ನು ಮುಚ್ಚಿಡಬೇಕೋ ಮೇಲೆಳೆದು ಮಡಚಿಡಬೇಕೋ ಎಂಬುದು ಎರಡನೆಯದು. ಹಿಂದೆ ಎರಚಲು ತಡೆಯುವ ಕೆಲಸವನ್ನು ತೆಂಗಿನ ಮಡಲಿನ ತಟ್ಟಿ ಮಾಡುತ್ತಿತ್ತು, ಮಳೆ ಮುಗಿದ ಮೇಲೆ ಒಲೆಗೂ ಆಗುತ್ತಿತ್ತು. ಮೂರನೆಯದು ಇವೆರಡಕ್ಕಿಂತ ಕಠಿಣ. ಒಂದೇ ಪಕ್ಕಕ್ಕೆ ಕಿಟಕಿಯಿರುವ ಫ್ಲ್ಯಾಟಿನಲ್ಲಿ ಗಾಳಿಗೆ ಹೊರದಾರಿಯಿಲ್ಲ. ಅಲ್ಲಿ 0.3 ಘನಮೀಟರ್ ಎಂಬ ಊಹೆ ನಿಲ್ಲುವುದೇ ಅನುಮಾನ. ನಿಲ್ಲದಿದ್ದರೆ ಬಟ್ಟೆಗೂ ಪಟ್ಟಿಗೂ ಇರುವ ಅಂತರ ಬಹಳ ಕುಗ್ಗುತ್ತದೆ. ಇದನ್ನು ತೀರ್ಮಾನಿಸಲು ಬೇಕಿರುವುದು ಒಂದೇ ಕಟ್ಟಡದ ಎರಡು ಪಡುವಣ ಕೋಣೆಗಳಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಉಷ್ಣಾಂಶದ ಜೊತೆಗೆ ಗಾಳಿಯ ವೇಗವನ್ನೂ ಬರೆದಿಟ್ಟ ಅಳತೆಗಳು.