ಹೇಳಿದ್ದೆಲ್ಲ ಅರ್ಥವಾಗಿದೆ ಎಂದುಕೊಳ್ಳುವುದು ಸರಿಯೇ?

"ಎಷ್ಟು ಹೇಳಿದರೂ ಅಪ್ಪ ಬಿಪಿ ಮಾತ್ರೆ ತಗೊಳ್ಳಲ್ಲ, ಬರೀ ಹಠ" ಎನ್ನುತ್ತೇವೆ. ಕಾರಣ ಹಠವೇ ಆಗಿರಬೇಕಿಲ್ಲ. 'ಬಿಪಿ ನಾರ್ಮಲ್' ಎಂದು ವೈದ್ಯರು ಹೇಳಿದ್ದು ಮಾತ್ರೆ ಕೆಲಸ ಮಾಡುತ್ತಿದೆ ಎಂಬ ಅರ್ಥದಲ್ಲಿ. ಅಪ್ಪ ತಿಳಿದುಕೊಂಡಿದ್ದು ಕಾಯಿಲೆ ವಾಸಿಯಾಯಿತು ಎಂದಿರಬಹುದು.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ನಡೆಸಿದರು. ಕೆಲವರು ಗೊತ್ತಿರುವ ಹಾಡುಗಳ ಲಯವನ್ನು ಬೆರಳಿನಿಂದ ತಟ್ಟಿದರು. ಅರ್ಧದಷ್ಟು ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದುಕೊಂಡಿದ್ದರು. ಗುರುತಿಸಿದ್ದು 120ರಲ್ಲಿ 3 ಮಾತ್ರ. ಹಾಡು ಓಡುತ್ತಿದ್ದುದು ತಟ್ಟುವವರ ತಲೆಯಲ್ಲಷ್ಟೇ.

ಆದ್ದರಿಂದ ಬೈಯುವ ಮೊದಲು "ಮಾತ್ರೆ ಯಾಕೆ ಬಿಟ್ರಿ ಅಪ್ಪಾ?" ಎಂದು ಕೇಳೋಣ. ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, ಬಿಪಿ ಹತೋಟಿಯಲ್ಲಿರುವುದೇ ಮಾತ್ರೆಯಿಂದ ಎಂದು ತಿಳಿಸೋಣ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಬಿಪಿ ಮತ್ತೆ ಏರಿ ಪಾರ್ಶ್ವವಾಯು ಆಗುವ ಅಪಾಯವಿದೆ.