ಪಿಕಪ್ ಹಾಗೂ ಲಘು ಸರಕು ವಾಹನಗಳ ಬ್ರೇಕ್ ವ್ಯವಸ್ಥೆ: ನಿರ್ವಹಣೆ, ಬದಲಾವಣೆ ಮತ್ತು ಅರ್ಹತಾ ಪತ್ರ

ಸರಕು ಸಾಗಣೆಗೆ ನೋಂದಾಯಿಸಲಾದ ಪಿಕಪ್ ವಾಹನಗಳಿಗೆ ಅರ್ಹತಾ ಪತ್ರ, ಅಂದರೆ ಜನಬಳಕೆಯ ಎಫ್.ಸಿ., ಪಡೆಯಲು ಅರ್ಜಿ ಸಲ್ಲಿಸುವ ಮಾಲೀಕರ ತಿಳಿವಳಿಕೆಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಬೊಲೆರೋ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮತ್ತು ಇವುಗಳಂತಹ ದ್ರವಚಾಲಿತ ಬ್ರೇಕ್ ಇರುವ ವಾಹನಗಳಿಗೆ ಇಲ್ಲಿನ ಮಾಹಿತಿ ಅನ್ವಯಿಸುತ್ತದೆ. ಗಾಳಿಚಾಲಿತ ಬ್ರೇಕ್ ಹೊಂದಿರುವ ಲಾರಿಗಳ ವಿಷಯ ಬೇರೆಯಾಗಿರುವುದರಿಂದ ಅದನ್ನು ಇಲ್ಲಿ ಸೇರಿಸಿರುವುದಿಲ್ಲ.

ಕಾನೂನಿನ ಹಿನ್ನೆಲೆ

ಮೋಟಾರು ವಾಹನಗಳ ಅಧಿನಿಯಮ, 1988ರ 56ನೇ ಪ್ರಕರಣದ ಮೇರೆಗೆ, ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವು ಕ್ರಮಬದ್ಧವಾಗಿ ನೋಂದಣಿಯಾಗಿದೆಯೆಂದು ಪರಿಗಣಿತವಾಗುವುದಿಲ್ಲ. ಅವಧಿ ಮುಗಿದ ನಂತರ ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರದ ವಿಷಯದಲ್ಲಿಯೂ ತೊಡಕು ಉಂಟಾಗುವ ಸಂಭವವಿರುತ್ತದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 62ನೇ ನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯಂತೆ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷವೂ ಅರ್ಹತಾ ಪತ್ರವನ್ನು ನವೀಕರಿಸಿಕೊಳ್ಳತಕ್ಕದ್ದು. ಸ್ವಂತ ಬಳಕೆಗೆಂದು ನೋಂದಾಯಿಸಿದ ಪಿಕಪ್‌ಗಳಿಗೆ ಈ ಪದ್ಧತಿ ಇಲ್ಲ. ಅವುಗಳ ತಪಾಸಣೆ 15 ವರ್ಷಗಳ ನಂತರ ನೋಂದಣಿ ನವೀಕರಣದ ವೇಳೆ ನಡೆಯುತ್ತದೆ. ಹಾಗೆಂದು 15 ವರ್ಷ ಬ್ರೇಕ್ ನೋಡದೆ ಓಡಿಸಬಹುದೆಂದು ಭಾವಿಸತಕ್ಕದ್ದಲ್ಲ.

ಭಾರ ಮತ್ತು ಶಾಖ

ಬ್ರೇಕ್ ಮಾಡುವ ಕೆಲಸ ಒಂದೇ: ವಾಹನದ ಚಲನಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಭಾರ ಇಮ್ಮಡಿಯಾದರೆ ಶಾಖವೂ ಇಮ್ಮಡಿಯಾಗುತ್ತದೆ. ಚಾರ್ಮಾಡಿ, ಆಗುಂಬೆ, ಶಿರಾಡಿ, ಸಂಪಾಜೆಯಂತಹ ಘಟ್ಟಗಳಲ್ಲಿ ಇಳಿಯುವ ವಾಹನಗಳ ಮಾಲೀಕರು ಈ ಲೆಕ್ಕವನ್ನು ಒಮ್ಮೆ ಗಮನಿಸುವುದು ಒಳಿತು. 3 ಟನ್ ಒಟ್ಟು ತೂಕದ ವಾಹನ ಎತ್ತರದಲ್ಲಿ 100 ಮೀಟರ್ ಕೆಳಗಿಳಿದರೆ, ಅದರ ಶಕ್ತಿಯೆಲ್ಲವನ್ನೂ ಬ್ರೇಕ್ ಒಂದೇ ಹೀರಿಕೊಳ್ಳಬೇಕಾದಲ್ಲಿ, ಸುಮಾರು 40 ಕಿ.ಗ್ರಾಂ. ತೂಕದ ಡಿಸ್ಕ್ ಹಾಗೂ ಡ್ರಮ್‌ಗಳ ಉಷ್ಣತೆ 150 ಡಿಗ್ರಿಗೂ ಹೆಚ್ಚು ಏರಬೇಕಾಗುತ್ತದೆ. ಗಾಳಿಗೆ ಹೋಗುವ ಶಾಖವನ್ನು ಇದರಲ್ಲಿ ಕಳೆದಿಲ್ಲ. ಆದರೆ ನಿಧಾನವಾಗಿ ಇಳಿಯುವಾಗ ಗಾಳಿಯ ನೆರವೂ ಕಡಿಮೆಯೇ. ಘಟ್ಟವೆಂದರೆ ಇಂತಹ ನೂರು ಮೀಟರ್‌ಗಳು ಒಂದರ ಮೇಲೊಂದು ಬರುತ್ತವೆ.

ಆದುದರಿಂದ ಯಾವ ಗೇರಿನಲ್ಲಿ ಘಟ್ಟ ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯತಕ್ಕದ್ದು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು, ಅದಕ್ಕಿಂತ ಮಿಗಿಲಾಗಿ ಎಂಜಿನ್ ನಿಲ್ಲಿಸಿ ಇಳಿಯುವುದು ಅತ್ಯಂತ ಅಪಾಯಕರ. ಎಂಜಿನ್ ನಿಂತರೆ ಬ್ರೇಕಿಗೆ ಬಲ ನೀಡುವ ನಿರ್ವಾತ ಬೂಸ್ಟರ್ ಕೆಲವೇ ಒತ್ತುಗಳಲ್ಲಿ ಖಾಲಿಯಾಗಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹೆಚ್ಚುವರಿ ಕಮಾನು ಪಟ್ಟಿ: ಗಮನಿಸಬೇಕಾದ ಮುಖ್ಯ ವಿಷಯ

ಕಾರ್ಖಾನೆ ನೀಡಿದ ಕಮಾನಿನ ಕೆಳಗೆ ಒಂದೆರಡು ಪಟ್ಟಿಗಳನ್ನು ಹೆಚ್ಚುವರಿಯಾಗಿ ಸೇರಿಸಿ, ಅದನ್ನು ‘ಗಾಡಿ ಬಲಪಡಿಸುವುದು’ ಎಂದು ಕರೆಯುವ ರೂಢಿ ವ್ಯಾಪಕವಾಗಿದೆ. ಇದರಿಂದ ವಾಹನದ ಹಿಂಭಾಗ ತಗ್ಗದೆ ನಿಲ್ಲುವುದು ನಿಜ. ಆದರೆ ಬ್ರೇಕಿನ ಮೇಲೆ ಆಗುವ ಪರಿಣಾಮ ಹಲವರಿಗೆ ತಿಳಿದಿರುವುದಿಲ್ಲ.

ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಸರಳಿನ ಮೂಲಕ ಜೋಡಿಸಿದ ಕವಾಟವಿರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಎಲ್.ಎಸ್.ಪಿ.ವಿ. ಎನ್ನುತ್ತಾರೆ. ಸರಕು ತುಂಬಿದಾಗ ಚಾಸಿ ಆಕ್ಸಲ್‌ನ ಕಡೆಗೆ ತಗ್ಗುತ್ತದೆ. ಆ ಅಂತರವನ್ನು ಗ್ರಹಿಸಿ ಕವಾಟವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಹಿಂದಿನ ಚಕ್ರ ಬಿಗಿದು ಜಾರದಂತೆ ಒತ್ತಡವನ್ನು ಕಡಿತಗೊಳಿಸುತ್ತದೆ. ಹೆಚ್ಚುವರಿ ಪಟ್ಟಿ ಹಾಕಿದ ವಾಹನದಲ್ಲಿ ಒಂದೂವರೆ ಟನ್ ಸರಕು ತುಂಬಿದರೂ ಚಾಸಿ ತಗ್ಗುವುದು ಅಲ್ಪ. ಕವಾಟದ ಪಾಲಿಗೆ ವಾಹನ ಬಹುಮಟ್ಟಿಗೆ ಖಾಲಿ. ಪರಿಣಾಮವಾಗಿ, ಭಾರ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲೇ ಹಿಂದಿನ ಬ್ರೇಕಿಗೆ ಸಲ್ಲಬೇಕಾದ ಪಾಲು ಸಿಗುವುದಿಲ್ಲ. ಇಡೀ ಹೊರೆ ಮುಂದಿನ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಮುಂದಿನ ಪ್ಯಾಡ್‌ಗಳು ಬೇಗ ಸವೆಯುತ್ತಿವೆ ಎಂದು ದೂರುವ ಮಾಲೀಕರು ಮೊದಲು ತಮ್ಮ ವಾಹನದ ಕಮಾನನ್ನು ನೋಡಿಕೊಳ್ಳಬೇಕು.

ಇದಕ್ಕೆ ಪರಿಹಾರವೆಂದು ಕೆಲವರು ಕವಾಟದ ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವುದು ಅಥವಾ ಕವಾಟವನ್ನೇ ತೆಗೆದು ಪೈಪನ್ನು ನೇರವಾಗಿ ಜೋಡಿಸುವುದುಂಟು. ಆಗ ತುಂಬಿದ ವಾಹನ ಚೆನ್ನಾಗಿ ನಿಲ್ಲಬಹುದು. ಸರಕು ಇಳಿಸಿ ಮಳೆಯಲ್ಲಿ ಖಾಲಿ ಮರಳುವಾಗ ಹಿಂದಿನ ಚಕ್ರಗಳು ಬಿಗಿದು ವಾಹನ ರಸ್ತೆಗೆ ಅಡ್ಡಲಾಗಿ ತಿರುಗುತ್ತದೆ. ಎರಡು ತಪ್ಪು ಸೇರಿ ಒಂದು ಸರಿಯಾಗುವುದಿಲ್ಲ. ಮೂಲ ಕಮಾನು, ಮೂಲ ಕವಾಟ ಹಾಗೂ ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕ, ಈ ಮೂರೂ ಒಂದೇ ಲೆಕ್ಕದ ಭಾಗಗಳು. ಒಂದನ್ನು ಮಾತ್ರ ತಿದ್ದಿದರೆ ತಾಳೆ ತಪ್ಪುತ್ತದೆ. ಹೆಚ್ಚುವರಿ ಭಾರಕ್ಕೆ ಅಧಿನಿಯಮದ 194ನೇ ಪ್ರಕರಣದಡಿ ವಿಧಿಸುವ ದಂಡದ ಮಾತು ಬೇರೆಯೇ ಇದೆ.

ಬ್ರೇಕ್ ದ್ರವ

ಬಹುಪಾಲು ನಿರ್ಲಕ್ಷ್ಯಕ್ಕೆ ಒಳಗಾಗುವುದು ಇದೇ. ಡಾಟ್ 3 ಮತ್ತು ಡಾಟ್ 4 ದ್ರವಗಳು ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳವು. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಅಂಕಿಗಳು ಕ್ರಮವಾಗಿ 230 ಮತ್ತು 155. ದ್ರವ ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಒತ್ತಿದರೆ ನೆಲಕ್ಕೆ ತಾಗುತ್ತದೆ. ತಣಿದ ನಂತರ ಎಲ್ಲವೂ ಸರಿಯಾಗಿರುವಂತೆ ಕಾಣುವುದರಿಂದ, ‘ಬ್ರೇಕ್ ಫೇಲ್ ಆಯಿತು’ ಎಂಬ ಚಾಲಕನ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ.

ತಯಾರಕರು ಬೇರೆ ಅವಧಿ ಸೂಚಿಸದಿದ್ದಲ್ಲಿ ಎರಡು ವರ್ಷಗಳಿಗೊಮ್ಮೆ ಪೂರ್ಣ ದ್ರವ ಬದಲಾಯಿಸುವುದು ಸೂಕ್ತ. ಮಲೆನಾಡು ಮತ್ತು ಕರಾವಳಿಯ ವಾಹನಗಳಿಗೆ ಇದಕ್ಕಿಂತ ತಡವಾಗಬಾರದು. ಮುಚ್ಚಳ ತೆರೆದು ಬಹುಕಾಲ ಇಟ್ಟ ಡಬ್ಬಿಯ ದ್ರವ ಬಳಸಬಾರದು. ಡಾಟ್ 5 ಎಂಬುದು ಸಿಲಿಕೋನ್ ದ್ರವ. ಸಂಖ್ಯೆ ಹೆಚ್ಚೆಂದು ಇದನ್ನು ಡಾಟ್ 3 ಅಥವಾ 4ರೊಂದಿಗೆ ಬೆರೆಸತಕ್ಕದ್ದಲ್ಲ. ಪಾತ್ರೆಯಲ್ಲಿ ಮಟ್ಟ ಇಳಿದಿದ್ದರೆ ಮೇಲಿಂದ ತುಂಬಿಸಿ ಸುಮ್ಮನಾಗದೆ ಕಾರಣ ಹುಡುಕಬೇಕು: ಪ್ಯಾಡ್ ಸವೆದಿರಬೇಕು, ಇಲ್ಲವೇ ಸೋರಿಕೆ ಇರಬೇಕು.

ಪ್ಯಾಡ್, ಲೈನಿಂಗ್, ಡಿಸ್ಕ್ ಮತ್ತು ಡ್ರಮ್

ಡಿಸ್ಕ್‌ನ ಕನಿಷ್ಠ ದಪ್ಪ ಹಾಗೂ ಡ್ರಮ್‌ನ ಗರಿಷ್ಠ ಒಳವ್ಯಾಸವನ್ನು ಸಾಮಾನ್ಯವಾಗಿ ಆಯಾ ಭಾಗದ ಮೇಲೆಯೇ ಅಚ್ಚೊತ್ತಲಾಗಿರುತ್ತದೆ. ಈ ಮಿತಿ ಮೀರಿದ ಭಾಗವನ್ನು ಲೇಥ್ ಹಿಡಿಸಿ ಮತ್ತೆ ಬಳಸಬಾರದು. ತೆಳುವಾದ ಲೋಹ ಶಾಖವನ್ನು ತಾಳುವುದಿಲ್ಲ. ಪ್ಯಾಡ್ ಅಥವಾ ಲೈನಿಂಗ್ ಬದಲಿಸುವಾಗ ಒಂದೇ ಆಕ್ಸಲ್‌ನ ಎರಡೂ ಬದಿಗಳನ್ನು ಒಟ್ಟಿಗೆ ಬದಲಿಸತಕ್ಕದ್ದು. ಹಿಂದಿನ ಆಕ್ಸಲ್‌ನ ಸೀಲ್ ಹಾಳಾಗಿ ಎಣ್ಣೆ ತಾಗಿದ ಲೈನಿಂಗನ್ನು ಪೆಟ್ರೋಲ್ ಸುರಿದು ಸುಟ್ಟು ಮರುಬಳಕೆ ಮಾಡುವುದು ಕಂಡುಬರುತ್ತದೆ. ಮೇಲ್ಮೈ ಒಣಗಿದರೂ ಒಳಗಿನ ಎಣ್ಣೆ ಬಿಸಿಯಾದಾಗ ಹೊರಬರುತ್ತದೆ. ಸೀಲನ್ನೂ ಲೈನಿಂಗನ್ನೂ ಬದಲಿಸುವುದೊಂದೇ ದಾರಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರುವ ಸಾಧ್ಯತೆಯುಂಟು. ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಪೆಡಲ್ ನೀಡುವ ಸೂಚನೆಗಳನ್ನು ಚಾಲಕರು ತಿಳಿದಿರಬೇಕು. ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೋರಿಕೆ ಇಲ್ಲವೇ ಹೊರಗಿನ ಸೋರಿಕೆ ಎಂದು ಶಂಕಿಸಬೇಕು. ಗಟ್ಟಿಯಾಗಿದ್ದರೆ ಬೂಸ್ಟರ್ ಅಥವಾ ನಿರ್ವಾತ ಪಂಪಿನ ದೋಷ. ಬೂಸ್ಟರ್ ಪರೀಕ್ಷೆ ಸುಲಭ: ಎಂಜಿನ್ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು.

ಮೇಲ್ದರ್ಜೆಗೇರಿಸುವಿಕೆ: ಯಾವುದಕ್ಕೆ ಅವಕಾಶವಿದೆ

ಸವೆದ ಭಾಗದ ಬದಲಿಗೆ ಅದೇ ಮಾದರಿಯ ಭಾಗ ಹಾಕುವುದು ದುರಸ್ತಿ. ಅದಕ್ಕೆ ಅನುಮತಿ ಬೇಕಿಲ್ಲ. ಉತ್ತಮ ದರ್ಜೆಯ ಪ್ಯಾಡ್, ಹೊಸ ರಬ್ಬರ್ ಹೋಸ್, ಹಾಗೂ ತಯಾರಕರು ಒಪ್ಪಿದ್ದಲ್ಲಿ ಡಾಟ್ 3ರ ಬದಲು ಡಾಟ್ 4 ದ್ರವ, ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಹತ್ತು ವರ್ಷ ಹಳೆಯ ಪಿಕಪ್‌ಗೆ ಹೋಸ್ ಮತ್ತು ದ್ರವ ಬದಲಿಸುವುದಕ್ಕಿಂತ ಕಡಿಮೆ ಖರ್ಚಿನ ಮೇಲ್ದರ್ಜೆ ಬೇರೊಂದಿಲ್ಲ.

ಹಿಂದಿನ ಡ್ರಮ್ ತೆಗೆದು ಡಿಸ್ಕ್ ಅಳವಡಿಸುವುದು, ಬೇರೆ ವಾಹನದ ದೊಡ್ಡ ಬೂಸ್ಟರ್ ಅಥವಾ ಮಾಸ್ಟರ್ ಸಿಲಿಂಡರ್ ಜೋಡಿಸುವುದು ಇವುಗಳ ಸ್ಥಿತಿ ಹಾಗಲ್ಲ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅಧಿನಿಯಮದ 52ನೇ ಪ್ರಕರಣ ನಿರ್ಬಂಧಿಸುತ್ತದೆ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಮೇರೆಗೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಇಂತಹ ಕೆಲಸಕ್ಕೆ ಕೈಹಾಕುವ ಮೊದಲು ತಯಾರಕರ ಲಿಖಿತ ಅಭಿಪ್ರಾಯ ಪಡೆದು, ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು. ಹಣ ತೆತ್ತ ನಂತರ ಕೇಳುವುದರಿಂದ ಪ್ರಯೋಜನವಿಲ್ಲ. ಮೂಲಕ್ಕಿಂತ ದೊಡ್ಡ ಟೈರ್ ಹಾಕುವುದೂ ಬ್ರೇಕಿನ ಹಿಡಿತವನ್ನು ಕುಗ್ಗಿಸುತ್ತದೆಂಬುದನ್ನು ಗಮನಿಸಬೇಕು.

ತಪಾಸಣೆಯ ದಿನ

ಅರ್ಜಿಯನ್ನು ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಿ, ಅಲ್ಲಿ ತೋರಿಸುವ ಶುಲ್ಕವನ್ನು ಪಾವತಿಸತಕ್ಕದ್ದು. ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣಾ ಪತ್ರ, ತೆರಿಗೆ ಪಾವತಿಯ ದಾಖಲೆ ಹಾಗೂ ಒಟ್ಟು ತೂಕ 3,000 ಕಿ.ಗ್ರಾಂ. ಮೀರಿದ ವಾಹನಗಳಿಗೆ ರಹದಾರಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಸ್ವಯಂಚಾಲಿತ ಪರೀಕ್ಷಾ ಕೇಂದ್ರದಲ್ಲಿ ಚಕ್ರಗಳನ್ನು ರೋಲರ್‌ಗಳ ಮೇಲೆ ತಿರುಗಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಪ್ರತ್ಯೇಕವಾಗಿ ಅಳೆಯಲಾಗುತ್ತದೆ. ಒಟ್ಟು ಬಲವನ್ನು ವಾಹನದ ತೂಕಕ್ಕೆ ಹೋಲಿಸಿದರೆ ದಕ್ಷತೆ. ಎಡ ಮತ್ತು ಬಲ ಚಕ್ರಗಳ ವ್ಯತ್ಯಾಸ ನೋಡಿದರೆ ಅಸಮತೋಲನ. ಒಟ್ಟು ಬಲ ಸಾಕಷ್ಟಿದ್ದರೂ ಒಂದು ಬದಿಯ ಸಿಲಿಂಡರ್ ಅಂಟಿಕೊಂಡಿದ್ದರೆ ಅದು ಇಲ್ಲಿ ಹೊರಬೀಳುತ್ತದೆ. ಕೈಬ್ರೇಕನ್ನೂ ಅಳೆಯಲಾಗುವುದರಿಂದ ಕೇಬಲ್ ಸಡಿಲವಿದ್ದರೆ ಮೊದಲೇ ಬಿಗಿಗೊಳಿಸಬೇಕು. ಹಿಂದಿನ ದಿನ ಸಂಜೆ ಹೊಸ ಲೈನಿಂಗ್ ಹಾಕಿಸಿ ಬೆಳಿಗ್ಗೆ ತಪಾಸಣೆಗೆ ತರುವುದು ಜಾಣತನವಲ್ಲ: ಹೊಸ ಲೈನಿಂಗ್ ಡ್ರಮ್ಮಿಗೆ ಪೂರ್ಣವಾಗಿ ಕೂರದೆ ಹಿಡಿತ ಕಡಿಮೆ ತೋರಿಸುತ್ತದೆ. ಕೆಲವು ದಿನ ಸೌಮ್ಯವಾಗಿ ಓಡಿಸಿದ ಮೇಲೆ ತರುವುದು ಲೇಸು. ನೀರಿನಲ್ಲಿ ವಾಹನ ತೊಳೆದು ತಂದಿದ್ದಲ್ಲಿ, ಬರುವ ದಾರಿಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತುತ್ತ ಒಣಗಿಸಿಕೊಳ್ಳಬೇಕು.

ಬ್ರೇಕ್ ಕಾರಣದಿಂದ ವಾಹನ ಅನುತ್ತೀರ್ಣವಾದಲ್ಲಿ ದೋಷದ ವಿವರವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಯಾವ ಚಕ್ರ, ಎಷ್ಟು ಬಲ ಎಂಬ ಅಂಕಿಗಳಿರುವ ಆ ಹಾಳೆಯನ್ನು ಗ್ಯಾರೇಜಿನವರ ಕೈಗೆ ಕೊಟ್ಟು, ಆ ದೋಷ ಸರಿಪಡಿಸಿದ ನಂತರ ಮರುತಪಾಸಣೆಗೆ ಹಾಜರುಪಡಿಸಬಹುದು. ಅಲ್ಲಿಯವರೆಗೆ ಆ ವಾಹನದಲ್ಲಿ ಸರಕು ತುಂಬಿಸಬಾರದೆಂದು ಕೋರಲಾಗಿದೆ.